ಮುಧೋಳ ನಾಯಿಯೋ, ಲ್ಯಾಬ್ರಡಾರೋ: ನಮ್ಮ ಮನೆಗೆ ಯಾವುದು ಸರಿ?

ಹುಬ್ಬಳ್ಳಿಯಲ್ಲಿ ನಾಲ್ಕಡಿ ಕಾಂಪೌಂಡಿನ ಮನೆ, ಏಳು ವರ್ಷದ ಮಗಳು, ಸಂಜೆ ಮನೆಯಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳುವ ನಿಮ್ಮ ತಾಯಿ, ಬೆಳಿಗ್ಗೆ ಕೆಲಸಕ್ಕೆ ಹೊರಡುವ ನೀವಿಬ್ಬರು. ನೀವು ಕೊಟ್ಟ ಈ ವಿವರ ಓದಿದ ಮೇಲೆ ನನ್ನ ಉತ್ತರ ಸ್ಪಷ್ಟ: ಲ್ಯಾಬ್ರಡಾರ್ ತನ್ನಿ. ನಾನು ಬಾಗಲಕೋಟೆ ಜಿಲ್ಲೆಯವನು, ಮುಧೋಳ ನಾಯಿ ಸಾಕಿದವನು. ಆ ತಳಿಯ ಮೇಲೆ ಜೀವ ಇಟ್ಟುಕೊಂಡಿರುವುದರಿಂದಲೇ ಹೀಗೆ ಹೇಳುತ್ತಿದ್ದೇನೆ.

ನಮ್ಮ ನೆಲದ ತಳಿ, ಬಿಸಿಲಿಗೆ ಜಗ್ಗುವುದಿಲ್ಲ, ಕೂದಲು ಉದುರುವುದು ಕಡಿಮೆ ಎಂದು ನಿಮಗೆ ಹೇಳಿದವರು ಸುಳ್ಳು ಹೇಳಿಲ್ಲ. ಅದರ ಹೆಸರೂ ದೊಡ್ಡದು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು. 2020ರಲ್ಲಿ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ಹೆಸರೆತ್ತಿದ ಮೇಲಂತೂ ಊರೂರಿನಿಂದ ಮರಿ ಕೇಳಿಕೊಂಡು ಬರುವವರಾದರು. ಆದರೆ ಅಭಿಮಾನಕ್ಕೆಂದು ಒಯ್ದ ನಾಯಿಯನ್ನು ಪಟ್ಟಣದ ಮನೆಯಲ್ಲಿ ಸರಪಳಿಗೆ ಕಟ್ಟಿಹಾಕಿದ್ದನ್ನು ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಮುಧೋಳ ನಾಯಿ ಬೇಟೆಯಾಡುವುದು ಮೂಗಿನಿಂದಲ್ಲ, ಕಣ್ಣಿನಿಂದ. ದೂರದ ಬದುವಿನಲ್ಲಿ ಮೊಲವೋ ಬೆಕ್ಕೋ ಅಲುಗಿತು ಎನ್ನಿ. ಮೊದಲು ಕುತ್ತಿಗೆ ನೆಟ್ಟಗಾಗುತ್ತದೆ, ಮೈ ಪೂರ್ತಿ ಸ್ತಬ್ಧವಾಗುತ್ತದೆ, ಹಗ್ಗ ಹಿಡಿದ ಕೈಗೆ ಸಣ್ಣ ನಡುಕವೊಂದು ತಾಗುತ್ತದೆ. ಅಷ್ಟರೊಳಗೆ ಹೆಸರು ಹಿಡಿದು ಕರೆದರೆ ಉಂಟು. ಓಟ ಕಿತ್ತ ಮೇಲೆ ಎಷ್ಟು ಕೂಗಿದರೂ ಅದರ ಕಿವಿಗೆ ಬೀಳುವುದಿಲ್ಲ. ನಿಮ್ಮ ನಾಲ್ಕಡಿ ಗೋಡೆ ಅದಕ್ಕೆ ಲೆಕ್ಕಕ್ಕೇ ಇಲ್ಲ, ಗೋಡೆಯಾಚೆ ಇರುವುದು ವಾಹನ ಓಡಾಡುವ ರಸ್ತೆ. ಇನ್ನೊಂದು ಮಾತು, ನಿಮ್ಮ ಮನೆಯ ಮಟ್ಟಿಗೆ ಇದೇ ಮುಖ್ಯ. ಮನೆಯವರ ಜೊತೆ ಅದು ಎಷ್ಟು ಹೊಂದಿಕೊಂಡರೂ ಹೊರಗಿನವರು ಮೈ ಮುಟ್ಟುವುದನ್ನು ಸಾಮಾನ್ಯವಾಗಿ ಸಹಿಸುವುದಿಲ್ಲ. ದಿನಾ ಸಂಜೆ ಹತ್ತು ಹನ್ನೆರಡು ಮಕ್ಕಳು ಚಪ್ಪಲಿ ಬಿಟ್ಟು ಒಳಗೆ ನುಗ್ಗುವ ಮನೆಯಲ್ಲಿ ಅದಕ್ಕೂ ನೆಮ್ಮದಿಯಿಲ್ಲ, ಮಕ್ಕಳಿಗೂ ಕ್ಷೇಮವಲ್ಲ. ಹೊಲದಲ್ಲಿ ಮನೆ ಇದ್ದು, ಬೆಳಗಿನ ಜಾವ ಬೇಲಿಯೊಳಗೆ ಬಿಟ್ಟು ಓಡಿಸುವವರು ಇದ್ದರೆ ಮಾತ್ರ ಅದನ್ನು ತರಬೇಕು. ಅಂಥವರು ಮುಧೋಳದ ಹತ್ತಿರ ತಿಮ್ಮಾಪುರದಲ್ಲಿರುವ, ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಲಿ.

ಲ್ಯಾಬ್ರಡಾರಿನ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದಲ್ಲಿ ಮೀನುಗಾರರ ಜೊತೆ ದುಡಿದ ನಾಯಿಗಳು. ಮನುಷ್ಯರ ಪಕ್ಕದಲ್ಲಿದ್ದು ಹೇಳಿದ್ದನ್ನು ತಂದುಕೊಡುವುದು ಅದರ ರಕ್ತದಲ್ಲೇ ಬಂದಿದೆ. ಹೊಸಬರು ಬಂದಷ್ಟೂ ಅದಕ್ಕೆ ಹಬ್ಬ. ಹಾಗೆಂದು ಸುಲಭದ ನಾಯಿ ಎಂದು ತಿಳಿಯಬೇಡಿ. ಒತ್ತಾದ ಎರಡು ಪದರದ ಕೂದಲು ವರ್ಷವಿಡೀ ಉದುರುತ್ತದೆ, ಏಪ್ರಿಲ್ ಮಧ್ಯಾಹ್ನ ಅದನ್ನು ಹೊರಗೆ ಕಟ್ಟಿದರೆ ಪ್ರಾಣಕ್ಕೇ ಅಪಾಯ. ನಡೆದಾಡಿಸುವುದು ಬೆಳಿಗ್ಗೆ ಏಳರೊಳಗೆ ಮುಗಿಯಲಿ. ಹಸಿವಂತೂ ಮುಗಿಯುವುದೇ ಇಲ್ಲ. ಈ ತಳಿಯಲ್ಲಿ ಸುಮಾರು ನಾಲ್ಕರಲ್ಲಿ ಒಂದು ನಾಯಿಗೆ ಹಸಿವನ್ನು ಹತೋಟಿಯಲ್ಲಿಡುವ ಜೀನಿನಲ್ಲೇ ದೋಷವಿದೆ ಎಂದು ಕೇಂಬ್ರಿಡ್ಜ್ ವಿಜ್ಞಾನಿಗಳು 2016ರಲ್ಲಿ ತೋರಿಸಿದರು. ಟ್ಯೂಷನ್ ಮಕ್ಕಳು ಕೊಡುವ ಒಂದೊಂದು ಬಿಸ್ಕತ್ತು ಸೇರಿ ವರ್ಷದೊಳಗೆ ಅದು ಕೊಬ್ಬಿ ಕೀಲುನೋವಿಗೆ ಬೀಳುತ್ತದೆ. ಅಳತೆ ಮಾಡಿ ಎರಡು ಹೊತ್ತು ಹಾಕಿ, ಕೈತಿನಿಸು ಬೇಡವೆಂದು ಮೊದಲ ದಿನವೇ ಎಲ್ಲರಿಗೂ ಹೇಳಿ.

ಮರಿ ಕೊಳ್ಳುವಾಗ ತಾಯಿ ನಾಯಿಯನ್ನು ಕಣ್ಣಾರೆ ನೋಡಿ. ತಂದೆ ತಾಯಿ ಎರಡರ ಸೊಂಟದ ಎಕ್ಸ್‌ರೇ ಕೇಳಿ. ಸೊಂಟದ ಕೀಲು ಸರಿಯಾಗಿ ಕೂರದ ತೊಂದರೆ ಈ ತಳಿಯಲ್ಲಿ ವಂಶದಿಂದ ಬರುತ್ತದೆ. ಎಂಟು ವಾರ ತುಂಬದ ಮರಿಯನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬೇಡಿ. ಹಗಲು ಮನೆಯಲ್ಲಿರುವುದು ನಿಮ್ಮ ತಾಯಿ ಒಬ್ಬರೇ, ಹಾಗಾಗಿ ಮೊದಲು ಅವರ ಒಪ್ಪಿಗೆ ಪಡೆಯಿರಿ. ಬೆಳೆದ ಲ್ಯಾಬ್ರಡಾರ್ ಮೂವತ್ತು ಕಿಲೋ ತೂಗುತ್ತದೆ, ಖುಷಿಗೆ ಒಮ್ಮೆ ಎಳೆದರೂ ವಯಸ್ಸಾದವರು ಬೀಳುತ್ತಾರೆ. ಹೊರಗೆ ಕರೆದೊಯ್ಯುವ ಕೆಲಸ ನಿಮ್ಮಿಬ್ಬರದೇ ಆಗಿರಲಿ, ಬೆಳಿಗ್ಗೆಯೂ ರಾತ್ರಿಯೂ.