ಲೋಡ್ ಹಾಕಿ ಘಾಟಿ ಹತ್ತುವಾಗ ಮಾತ್ರ ಲಾರಿ ಎಂಜಿನ್ ಹೀಟ್ ಆಗುತ್ತದೆ, ಬಯಲಲ್ಲಿ ಏನೂ ತೊಂದರೆ ಇಲ್ಲ. ಏನು ಮಾಡಬೇಕು?

10 ಚಕ್ರದ ಲಾರಿ, 180 ಎಚ್‌ಪಿ ಎಂಜಿನ್, ಮಂಗಳೂರಿನಿಂದ ಹಾಸನದ ಕಡೆಗೆ ಫುಲ್ ಲೋಡ್. ಗುಂಡ್ಯದವರೆಗೆ ಗೇಜ್ ಮುಳ್ಳು ಅಲ್ಲಾಡುವುದಿಲ್ಲ, ಶಿರಾಡಿ ಏರಿನಲ್ಲಿ ಕೆಂಪಿಗೆ ಹೋಗುತ್ತದೆ. ರೇಡಿಯೇಟರ್ ಒಳಗಡೆ ಕ್ಲೀನ್ ಮಾಡಿಸಿದ್ದೂ ಆಯಿತು, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ತೆಗೆಸಿದ್ದೂ ಆಯಿತು, ಸರಿ ಹೋಗಿಲ್ಲ ಅಂತ ಬರೆದಿದ್ದೀರಿ. ಬಯಲಲ್ಲಿ ಸರಿಯಿದ್ದು ಏರಿನಲ್ಲಿ ಮಾತ್ರ ಹೀಟ್ ಆಗುವ ಗಾಡಿಯಲ್ಲಿ ನಾನು ಮೊದಲು ಅನುಮಾನ ಪಡುವುದು ಗಾಳಿಯ ಮೇಲೆ. ನೀರು, ಪಂಪ್, ಹೆಡ್ (ಎಂಜಿನ್ ಮೇಲ್ಭಾಗದ ಮುಚ್ಚಳ) ಎಲ್ಲ ಆಮೇಲೆ.

ಕಾರಣ ಲೆಕ್ಕದಲ್ಲೇ ಕಾಣುತ್ತದೆ. ಒಟ್ಟು ತೂಕ 28 ಟನ್, ಏರು ಶೇ. 6, ವೇಗ ಗಂಟೆಗೆ 20 ಕಿ.ಮೀ. ಅಂತ ಇಟ್ಟುಕೊಳ್ಳಿ. ಚಕ್ರಕ್ಕೇ ಸುಮಾರು 140 ಎಚ್‌ಪಿ ಬೇಕು. ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಹೌಸಿಂಗ್‌ನಲ್ಲಿ ಕಳೆದುಹೋಗುವುದನ್ನೂ ಸೇರಿಸಿದರೆ ನಿಮ್ಮ ಎಂಜಿನ್ ತನ್ನ ಶಕ್ತಿಯ ತುದಿಯಲ್ಲಿ ದುಡಿಯುತ್ತಿರುತ್ತದೆ. ಅದೇ ಲಾರಿ ಸಮತಟ್ಟಿನಲ್ಲಿ 60ರಲ್ಲಿ ಓಡಲು ಇದರ ಅರ್ಧ ಸಾಕು. ಅಂದರೆ ಏರಿನಲ್ಲಿ ನೀರಿಗೆ ಸೇರುವ ಶಾಖ ಎರಡರಷ್ಟು, ಎದುರಿನಿಂದ ನುಗ್ಗುವ ಗಾಳಿ ಮೂರನೇ ಒಂದು ಪಾಲು. ಉಳಿದ ಗಾಳಿಯನ್ನೆಲ್ಲ ಫ್ಯಾನೇ ಎಳೆಯಬೇಕು. ಬಯಲಲ್ಲಿ ಫ್ಯಾನ್ ಅರೆಬರೆ ಕೆಲಸ ಮಾಡಿದರೂ ಗೊತ್ತಾಗುವುದಿಲ್ಲ.

ಮೊದಲು ಇಂಟರ್‌ಕೂಲರ್ (ಟರ್ಬೊದಿಂದ ಎಂಜಿನ್ನಿಗೆ ಹೋಗುವ ಗಾಳಿಯನ್ನು ತಣ್ಣಗಾಗಿಸುವ ಜಾಲರಿ) ಮತ್ತು ರೇಡಿಯೇಟರ್ ನಡುವಿನ ಸಂದು ನೋಡಿ. ಮುಂದಿನಿಂದ ನೋಡಿದರೆ ಕಾಣುವುದು ಇಂಟರ್‌ಕೂಲರ್ ಮಾತ್ರ. ಅದು ಫಳಫಳ ಅನ್ನುತ್ತಿದ್ದರೂ ಹಿಂದೆ ರೇಡಿಯೇಟರ್ ಮುಖದ ಮೇಲೆ ಹುಳು, ಹುಲ್ಲು, ಕೆಂಪು ಧೂಳು, ಎಂಜಿನ್ ಆಯಿಲ್ ಆವಿ ಸೇರಿ ಕಂಬಳಿಯ ಹಾಗೆ ಕೂತಿರುತ್ತದೆ. ನಿಮ್ಮ ಗ್ಯಾರೇಜಿನವರು ಕ್ಲೀನ್ ಮಾಡಿದ್ದು ಕೊಳವೆಗಳ ಒಳಭಾಗ, ಇದನ್ನಲ್ಲ. ಇಂಟರ್‌ಕೂಲರ್ ಬೋಲ್ಟ್ ಬಿಚ್ಚಿ ಮುಂದಕ್ಕೆ ವಾಲಿಸಿ, ಟಾರ್ಚ್ ಬಿಟ್ಟು ನೋಡಿ. ಫಿನ್‌ಗಳಿಗೆ (ತೆಳು ತಗಡಿನ ಪಟ್ಟಿಗಳಿಗೆ) ಎಣ್ಣೆ ಅಂಟಿದ್ದರೆ ಡಿಗ್ರೀಸರ್ ಹೊಡೆದು 10 ನಿಮಿಷ ಬಿಟ್ಟು, ಫ್ಯಾನ್ ಕಡೆಯಿಂದ ಮುಂದಕ್ಕೆ ನೀರು ಬಿಡಿ. ಮುಂದಿನಿಂದ ಹೊಡೆದರೆ ಕಸ ಇನ್ನೂ ಒಳಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಹತ್ತಿರ ಹಿಡಿಯಬೇಡಿ, ಓರೆಯಾಗಿಯೂ ಹಿಡಿಯಬೇಡಿ. ಫಿನ್ ಮಡಚಿಕೊಂಡರೆ ಆ ಜಾಗದಲ್ಲಿ ಗಾಳಿ ಬಂದ್. ಕೊಳಕು ನೀರು ನಿಂತು ತಿಳಿನೀರು ಇಳಿಯುವವರೆಗೂ ತೊಳೆಯಿರಿ.

ಗ್ರಿಲ್ ಮುಂದೆ ಕಟ್ಟಿರುವ ಬೋರ್ಡು, ಹೆಚ್ಚುವರಿ ಲೈಟು, ಒಣಗಿದ ಹಾರ, ಸೊಳ್ಳೆ ಜಾಲರಿ ಏನಿದ್ದರೂ ತೆಗೆಯಿರಿ. ರೇಡಿಯೇಟರ್ ಸುತ್ತ ಇರುವ ಸ್ಪಂಜ್ ಅಥವಾ ರಬ್ಬರ್ ಪಟ್ಟಿ ಬಿದ್ದುಹೋಗಿದ್ದರೆ ಹೊಸದು ಹಾಕಿಸಿ. ಅದಿಲ್ಲದಿದ್ದರೆ ಎಂಜಿನ್ ಕಡೆಯ ಬಿಸಿಗಾಳಿಯೇ ಪಕ್ಕದಿಂದ ಸುತ್ತಿ ಮತ್ತೆ ರೇಡಿಯೇಟರ್ ಮುಂದಕ್ಕೆ ಬರುತ್ತದೆ. ಫ್ಯಾನ್ ಸುತ್ತಲಿನ ಶ್ರೌಡ್ (ಗಾಳಿಯನ್ನು ಫ್ಯಾನಿನ ಕಡೆ ಹರಿಸುವ ಕವಚ) ಒಡೆದಿದ್ದರೂ ಇದೇ ಕಥೆ.

ಇನ್ನು ಫ್ಯಾನ್. ನಿಮ್ಮದರಲ್ಲಿ ಬಹುಶಃ ವಿಸ್ಕಸ್ ಕ್ಲಚ್ ಇರುತ್ತದೆ: ಬಿಸಿಗಾಳಿ ತಾಗಿದಾಗ ಮುಂಭಾಗದ ಬೈಮೆಟಲ್ ಪಟ್ಟಿ ಬಾಗಿ ವಾಲ್ವ್ ತೆರೆಯುತ್ತದೆ, ಒಳಗಿನ ಸಿಲಿಕೋನ್ ಆಯಿಲ್ ಫ್ಯಾನನ್ನು ಬಿಗಿಯಾಗಿ ಹಿಡಿದು ತಿರುಗಿಸುತ್ತದೆ. ಆಯಿಲ್ ಸೋರಿಹೋದರೂ ಫ್ಯಾನ್ ತಿರುಗುತ್ತಲೇ ಇರುತ್ತದೆ, ಆದರೆ ನಿಧಾನಕ್ಕೆ. ಕಣ್ಣಿಗೆ ಸರಿಯಾಗಿಯೇ ಕಾಣುವುದರಿಂದ ಯಾರೂ ಇದರ ಮೇಲೆ ಅನುಮಾನ ಪಡುವುದಿಲ್ಲ. ಕಿವಿಗೆ ಮಾತ್ರ ಗೊತ್ತಾಗುತ್ತದೆ: ಮುಳ್ಳು ಮೇಲೇರಿದ ಮೇಲೆ ಕ್ಯಾಬಿನ್ನಿಗೆ ಕೇಳುವ ಹಾಗೆ ಫ್ಯಾನ್ ಗುಂಯ್‌ಗುಡಬೇಕು. ಗೇಜ್ ಕೆಂಪಿನ ಹತ್ತಿರ ಇದ್ದೂ ಸದ್ದು ಬದಲಾಗದಿದ್ದರೆ ಕ್ಲಚ್ ಹೋಗಿದೆ. ಖಚಿತ ಮಾಡಿಕೊಳ್ಳಲು ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಂಡು, ರೆಕ್ಕೆಯನ್ನು ಕೈಯಲ್ಲಿ ತಿರುಗಿಸಿ. ಬಿಗಿ ಇರಬೇಕು. ಸಲೀಸಾಗಿ ಒಂದೆರಡು ಸುತ್ತು ಹೋದರೆ, ಅಥವಾ ಹಬ್ ಸುತ್ತ ಎಣ್ಣೆ ಚಿಮ್ಮಿ ಧೂಳು ಅಂಟಿದ್ದರೆ, ಹೊಸ ಕ್ಲಚ್ಚೇ ಹಾಕಬೇಕು. ಕ್ಲಚ್ ವೆಲ್ಡ್ ಮಾಡಿ ಡೈರೆಕ್ಟ್ ಫ್ಯಾನ್ ಮಾಡಿಸುವವರು ಇದ್ದಾರೆ. ಮನೆ ಸೇರುವ ಮಟ್ಟಿಗೆ ಆಗಬಹುದು, ಅದನ್ನೇ ಖಾಯಂ ಮಾಡಿದರೆ ಯಾವಾಗಲೂ ಡೀಸೆಲ್ ತಿನ್ನುತ್ತದೆ, ಬೇರಿಂಗ್ ಸವೆಯುತ್ತದೆ. ಬೆಲ್ಟ್ ಹೊಳೆಯುತ್ತಿದೆಯೇ, ಸಡಿಲ ಇದೆಯೇ ಅನ್ನುವುದನ್ನೂ ಇದೇ ಹೊತ್ತಿನಲ್ಲಿ ನೋಡಿ.

ತೆಗೆಸಿದ ಥರ್ಮೋಸ್ಟಾಟನ್ನು ದಯವಿಟ್ಟು ಮತ್ತೆ ಹಾಕಿಸಿ. ಅದು ಪೂರ್ತಿ ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುವ ಕೆಲಸವನ್ನೂ ಮಾಡುತ್ತದೆ. ಅದೇ ಇಲ್ಲದಿದ್ದರೆ ಬಿಸಿನೀರಿನಲ್ಲಿ ಒಂದು ಪಾಲು ರೇಡಿಯೇಟರಿಗೆ ಹೋಗದೆ ನೇರ ಎಂಜಿನ್ನಿಗೆ ವಾಪಸ್ ಬರುತ್ತದೆ. ಏರಿನಲ್ಲಿ ಹೀಟ್ ಇನ್ನೂ ಜಾಸ್ತಿಯಾಗುತ್ತದೆ, ಬಯಲಲ್ಲಿ ಎಂಜಿನ್ ತಣ್ಣಗೇ ಓಡಿ ಲೈನರ್ (ಸಿಲಿಂಡರಿನ ಒಳಗೋಡೆ) ಸವೆಯುತ್ತದೆ. ಹಳೆಯದನ್ನು ಹಾಕುವ ಮುಂಚೆ ಬಿಸಿನೀರಿನ ಪಾತ್ರೆಯಲ್ಲಿ ಮುಳುಗಿಸಿ ನೋಡಿ, ಮೇಲೆ ಕೆತ್ತಿರುವ ಡಿಗ್ರಿಗೆ, ಸಾಮಾನ್ಯವಾಗಿ 80ರ ಆಸುಪಾಸು, ತೆರೆಯಲು ಶುರುವಾಗಬೇಕು.

ನೀರು ತುಂಬುವ ಬಾಯಿಯ ಪ್ರೆಶರ್ ಕ್ಯಾಪ್ ಸಣ್ಣ ಸಾಮಾನು, ಅದರ ರಬ್ಬರ್ ಸೀಳಿದ್ದರೆ ಹೊಸದು ಹಾಕಿ. 1 ಬಾರ್ ಒತ್ತಡ ಹಿಡಿದಿಟ್ಟರೆ ಬರೀ ನೀರೂ ಸುಮಾರು 120 ಡಿಗ್ರಿಯವರೆಗೆ ಕುದಿಯುವುದಿಲ್ಲ. ಒತ್ತಡ ನಿಲ್ಲದಿದ್ದರೆ ಸಕಲೇಶಪುರದ ಎತ್ತರದಲ್ಲಿ 97ಕ್ಕೇ ಕುದಿಯುತ್ತದೆ. ಬೋರ್‌ವೆಲ್ ನೀರು ಹಾಕಬೇಡಿ, ಒಳಗೆ ಸುಣ್ಣ ಕಟ್ಟುತ್ತದೆ. ಡಿಸ್ಟಿಲ್ಡ್ ನೀರು ಮತ್ತು ಕೂಲೆಂಟ್ ಅರ್ಧಕ್ಕರ್ಧ, ಕೂಲೆಂಟ್ ಕಂಪನಿ ಪುಸ್ತಕದಲ್ಲಿ ಹೇಳಿರುವ ಗ್ರೇಡಿನದ್ದೇ. ತುಂಬುವಾಗ ಒಳಗಿನ ಗಾಳಿ ಹೊರಹೋಗಲು ಬ್ಲೀಡ್ ಸ್ಕ್ರೂ ತೆರೆದು ನಿಧಾನಕ್ಕೆ ಹಾಕಿ, ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಮಟ್ಟ ಮತ್ತೆ ನೋಡಿ.

ಓಡಿಸುವ ರೀತಿಯೂ ಮುಖ್ಯ. ಡೀಸೆಲ್ ಉಳಿಯಲಿ ಅಂತ ಮೇಲಿನ ಗೇರಿನಲ್ಲೇ 1300 ಆರ್‌ಪಿಎಂನಲ್ಲಿ ಏದುಸಿರು ಬಿಡಿಸುತ್ತಾ ಹತ್ತಿಸಬೇಡಿ. ಏರು ಶುರುವಾಗುವ ಮೊದಲೇ ಗೇರ್ ಇಳಿಸಿ 1900ರ ಹತ್ತಿರ ಇಟ್ಟರೆ ಪಂಪ್, ಫ್ಯಾನ್ ಎರಡೂ ಹೆಚ್ಚುಕಡಿಮೆ ಒಂದೂವರೆ ಪಟ್ಟು ವೇಗವಾಗಿ ತಿರುಗುತ್ತವೆ. ಆಕ್ಸಿಲರೇಟರ್ ಪೂರ್ತಿ ಒತ್ತದೆ ಸ್ವಲ್ಪ ಬಿಟ್ಟು ಹಿಡಿಯಿರಿ. ಮುಳ್ಳು ಕೆಂಪಿಗೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, 1200ರಲ್ಲಿ ಕೆಲವು ನಿಮಿಷ ಓಡಲು ಬಿಡಿ. ತಕ್ಷಣ ಆಫ್ ಮಾಡಿದರೆ ನೀರಿನ ಓಟ ನಿಂತು ಹೆಡ್‌ನಲ್ಲಿರುವ ಶಾಖ ಅಲ್ಲೇ ಉಳಿಯುತ್ತದೆ. ನೀರು ಸೋರಿಹೋಗಿದ್ದರೆ ಅಥವಾ ಆಯಿಲ್ ಲೈಟ್ ಹತ್ತಿದರೆ ಮಾತ್ರ ಕೂಡಲೇ ಆಫ್. ಕ್ಯಾಪ್ ಬಿಸಿ ಇರುವಾಗ ಮುಟ್ಟಬೇಡಿ, ಬಿಸಿ ಹೆಡ್ಡಿಗೆ ತಣ್ಣೀರು ಹಾಕಬೇಡಿ, ಸೀಳು ಬಿಡುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಹೀಟ್ ಆದರೆ ರಿಸರ್ವ್ ಟ್ಯಾಂಕಿನಲ್ಲಿ ಗುಳ್ಳೆ ಬರುತ್ತಿದೆಯೇ ನೋಡಿ. ಗುಳ್ಳೆ ಕಂಡ ಕೂಡಲೇ ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗಿನ ಸೀಲು) ಹೋಗಿದೆ ಅಂತ ಹೆಡ್ ಇಳಿಸಲು ಬಿಡಬೇಡಿ. ಬ್ರೇಕಿನ ಏರ್ ಕಂಪ್ರೆಸರ್ ಕೂಡ ಇದೇ ನೀರಿನಲ್ಲಿ ತಣ್ಣಗಾಗುವಂಥದ್ದು. ಅದರ ಗ್ಯಾಸ್ಕೆಟ್ ಹೋದರೂ ನೀರಿನೊಳಕ್ಕೆ ಗಾಳಿ ತಳ್ಳುತ್ತದೆ. ಗಾಡಿ ನಿಂತಿರುವಾಗ, ಚಕ್ರಕ್ಕೆ ಅಡ್ಡ ಕೊಟ್ಟು, ಏರ್ ಟ್ಯಾಂಕಿನ ಡ್ರೈನ್ ತೆರೆದು ಗಾಳಿ ತುಂಬದಂತೆ ಮಾಡಿ ಎಂಜಿನ್ ಓಡಿಸಿ. ಗುಳ್ಳೆ ನಿಂತರೆ ಅಥವಾ ತೀರಾ ಕಡಿಮೆಯಾದರೆ ತಪ್ಪು ಕಂಪ್ರೆಸರಿನದ್ದು, ಅದರ ಹೆಡ್ ಕಿಟ್ ಹಾಕಿದರೆ ಮುಗಿಯಿತು. ಗುಳ್ಳೆ ಹಾಗೇ ಬರುತ್ತಿದ್ದರೆ ಆಗ ಎಂಜಿನ್ ಹೆಡ್ ಇಳಿಸಲು ಹೇಳಿ, ಅಲ್ಲಿಯವರೆಗೆ ಘಾಟಿಗೆ ಲೋಡ್ ಒಯ್ಯಬೇಡಿ.