ರೇಡಿಯೊ ನಿರೂಪಣೆಯ ಅನುಭವವಿದೆ. ಮುಂಬೈನಲ್ಲಿ ಕನ್ನಡ ಡಬ್ಬಿಂಗ್‌ಗೆ ಡೆಮೊ (ದನಿಯ ಮಾದರಿ ರೆಕಾರ್ಡಿಂಗ್) ಹೇಗಿರಬೇಕು?

ರೇಡಿಯೊ ಕಾರ್ಯಕ್ರಮದ ತುಣುಕುಗಳನ್ನೇ ಅಂಧೇರಿಯ ಸ್ಟುಡಿಯೊಗಳಿಗೆ ಕಳಿಸಬೇಡಿ. ಹಿನ್ನೆಲೆ ಸಂಗೀತ, ಕಂಪ್ರೆಷನ್ (ದನಿಯ ಏರಿಳಿತ ತಗ್ಗಿಸುವ ಸಂಸ್ಕರಣೆ) ಬೆರೆತ ದನಿಯಲ್ಲಿ ನಿಜವಾದ ಕಂಠ ತಿಳಿಯುವುದಿಲ್ಲ. 60ರಿಂದ 90 ಸೆಕೆಂಡಿನ ಹೊಸ ಡೆಮೊ ಮಾಡಿ: ಒಂದು ಜಾಹೀರಾತು, ಒಂದು ನಿರೂಪಣೆ, ಎರಡು ಪಾತ್ರ. ನಿಮ್ಮ ಅತ್ಯುತ್ತಮ ತುಣುಕು ಮೊದಲೇ ಬರಲಿ. ಮೈಕಿನಿಂದ ಒಂದು ಗೇಣು ದೂರ, ತುಸು ಓರೆಯಾಗಿ ನಿಂತರೆ ಪ, ಬ, ಭ ಉಚ್ಚರಿಸುವಾಗ ಗಾಳಿ ಬಡಿಯುವುದಿಲ್ಲ. ಸದ್ದು ಬರದಂತೆ ಫ್ಯಾನ್ ನಿಲ್ಲಿಸಿ. ರೆಕಾರ್ಡಿಂಗ್ ಗುಣಮಟ್ಟಕ್ಕೆ 48 ಕಿಲೊಹರ್ಟ್ಸ್, 24 ಬಿಟ್ ವೇವ್ (WAV) ಫೈಲ್ ಸಾಕು.

ಮುಂಬೈ ಕನ್ನಡಿಗರು ಹೆಚ್ಚಾಗಿ ಎಡವುವುದು ಉಚ್ಚಾರಣೆಯಲ್ಲೇ. ಹಿಂದಿ, ಮರಾಠಿಯಲ್ಲಿ ಹ್ರಸ್ವ ಎ, ಒ ಬೇರೆಯಾಗಿ ಇಲ್ಲದ್ದರಿಂದ 'ಬೆಳೆ' ಹೋಗಿ 'ಬೇಳೆ' ಆಗುತ್ತದೆ. ಕೊನೆಯ ಅಕಾರ ನುಂಗಿ 'ಮರ' ಬರೀ 'ಮರ್' ಆಗುತ್ತದೆ. ಅರ್ಥ ಕೆಡುವುದಷ್ಟೇ ಅಲ್ಲ, ಮಾತ್ರೆಗಳು (ಅಕ್ಷರ ಉಚ್ಚರಿಸಲು ಹಿಡಿಯುವ ಕಾಲ) ಏರುಪೇರಾಗಿ ಮಾತು ತುಟಿಚಲನೆಗೆ ಕೂರುವುದೇ ಇಲ್ಲ. ದಿನಕ್ಕೆ 15 ನಿಮಿಷ ಕನ್ನಡ ಪತ್ರಿಕೆಯನ್ನು ಗಟ್ಟಿಯಾಗಿ ಓದಿ, ರೆಕಾರ್ಡ್ ಮಾಡಿ ಕೇಳಿ.