ಕಬ್ಬಾಲದಲ್ಲಿ ಬುದ್ಧಿಯ ಬೆಳವಣಿಗೆ

ಪ್ರಶ್ನೆ: ಯಹೂದಿಗಳ ಅನುಭಾವ ಪರಂಪರೆಯಾದ ಕಬ್ಬಾಲದಲ್ಲಿ ಬುದ್ಧಿಯು ಹಂತಹಂತವಾಗಿ ಪಕ್ವವಾಗುತ್ತದೆ ಎನ್ನುತ್ತಾರೆ. ಇದರ ಅರ್ಥವೇನು?

ಉತ್ತರ: ಈ ವಿಚಾರವನ್ನು ವಿಸ್ತಾರವಾಗಿ ಬೆಳೆಸಿದವರು ಇಂದಿನ ಇಸ್ರೇಲಿನ ಉತ್ತರಕ್ಕಿರುವ ಗಲಿಲಾಯ ಪ್ರದೇಶದ ಸಫೇದ್ ಪಟ್ಟಣದಲ್ಲಿ ಬೋಧಿಸಿ 1572ರಲ್ಲಿ ತೀರಿಕೊಂಡ ಐಸಾಕ್ ಲೂರಿಯಾ, ಅವರ ಬೋಧನೆಯನ್ನು ಬರಹಕ್ಕಿಳಿಸಿದವರಲ್ಲಿ ಮುಖ್ಯರು ಶಿಷ್ಯ ಹಯೀಮ್ ವಿಟಾಲ್. ಲೂರಿಯಾ ಅವರ ಪ್ರಕಾರ, ದೈವದ ಒಂದು ಪ್ರಕಟರೂಪವೇ ಗರ್ಭಾವಸ್ಥೆ, ಮೊಲೆಯುಣ್ಣುವ ಅವಸ್ಥೆ ಮತ್ತು ಬುದ್ಧಿಯ ಅವಸ್ಥೆ ಎಂಬ ಮೂರು ಹಂತಗಳನ್ನು ದಾಟಿ ಬೆಳೆಯುತ್ತದೆ. ಎರಡನೆಯ ಹಂತದಲ್ಲಿ ಭಾವಗಳಷ್ಟೇ ಅರಳಿರುತ್ತವೆ. ಮೂರನೆಯದರಲ್ಲಿ 'ಮೋಹಿನ್' ಎಂಬ ಬುದ್ಧಿಶಕ್ತಿಯು ಮೇಲಿನಿಂದ ಇಳಿದು ಬಂದು ಅವುಗಳನ್ನು ಹದಕ್ಕೆ ತರುತ್ತದೆ. ಈ ಪಕ್ವತೆ ಒಮ್ಮೆ ಬಂದರೆ ನಿಲ್ಲುವಂಥದ್ದಲ್ಲ. ಪ್ರಾರ್ಥನೆಯ ಹೊತ್ತಿನಲ್ಲಿ ಅದು ಒದಗಿ, ಬಳಿಕ ಹಿಂದೆ ಸರಿಯುತ್ತದೆ. ಆದ್ದರಿಂದ ಇದನ್ನು ಬರೀ ವಯಸ್ಸಿನ ಲೆಕ್ಕವೆಂದು ಓದುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಯಹೂದಿಗಳ ಭಕ್ತಿಪಂಥಗಳಲ್ಲಿ ಒಂದಾದ ಹಬಾದ್ ಪಂಥದ ಸ್ಥಾಪಕ ಶ್ನೇಯೂರ್ ಝಲ್ಮನ್ ಅವರು 1796ರಲ್ಲಿ ಅಚ್ಚಾದ 'ತಾನ್ಯ' ಗ್ರಂಥದಲ್ಲಿ ಮನುಷ್ಯನ ಮನಸ್ಸನ್ನೇ ಈ ಬಗೆಯ ಪರಿಭಾಷೆಯಲ್ಲಿ ವಿವರಿಸಿದರು. ಹೊಖ್ಮಾ ಎಂದರೆ ಥಟ್ಟನೆ ಹೊಳೆಯುವ ಅರಿವು, ಬೀನಾ ಎಂದರೆ ಅದನ್ನು ಬಿಡಿಸಿ ಗ್ರಹಿಸುವ ಶಕ್ತಿ, ದಾಅತ್ ಎಂದರೆ ಗ್ರಹಿಸಿದ್ದರಲ್ಲಿ ಕದಲದೆ ನೆಟ್ಟ ಮನಸ್ಸು. ದೇವರ ಮಹಿಮೆಯನ್ನು ಎಷ್ಟೇ ತಿಳಿದರೂ ದಾಅತ್ ಇಲ್ಲದವನಲ್ಲಿ ನಿಜವಾದ ಪ್ರೀತಿಯಾಗಲಿ ಭಯಭಕ್ತಿಯಾಗಲಿ ಹುಟ್ಟುವುದಿಲ್ಲ, ಹುಟ್ಟುವುದು ಬರೀ ಭ್ರಮೆ ಎಂದು ಅವರು ಖಂಡಿತವಾಗಿ ಹೇಳುತ್ತಾರೆ.